ಮಿತವ್ಯಯವೋ, ಜಿಪುಣತನವೋ?

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ‘ಕಸದಿಂದ ರಸ’ ಎಂಬ ಸ್ಪರ್ಧೆ ನಡೆಯುತ್ತದೆ. ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಕ್ಕಳು ಉಪಯುಕ್ತವಾದ ಏನನ್ನಾದರೂ ಮಾಡಿ ತರಬೇಕು. ಅಂತಹ ಒಂದು ಸ್ಪರ್ಧೆಯಲ್ಲಿ ನಾನೂ ತೀರ್ಪುಗಾರನಾಗಿದ್ದೆ. ಮೇಜಿನ ಮೇಲೆ ಹೂದಾನಿ, ದೀಪದ ಗೂಡು, ಪೆನ್ನಿಡುವ ಡಬ್ಬಿಗಳ ಸಾಲೇ ಇತ್ತು. ಎಲ್ಲರ ಕಣ್ಣು ಹೋದದ್ದು ಐಸ್‌ಕ್ರೀಮ್ ಕಡ್ಡಿಗಳಿಂದ ಮಾಡಿದ್ದ ಒಂದು ಮಸೀದಿಯ ಮಾದರಿಯ ಮೇಲೆ. ಬಹುಮಾನವೂ ಅದಕ್ಕೇ ಬಂತು. ಆಮೇಲೆ ಆ ಹುಡುಗನನ್ನು, ‘ಇಷ್ಟೊಂದು ಕಡ್ಡಿ ಎಲ್ಲಿ ಸಿಕ್ಕಿತಪ್ಪಾ?’ ಎಂದು ಕೇಳಿದೆ. ‘ಅಂಗಡೀಲಿ ಸರ್, ಕಟ್ಟುಗಟ್ಟಲೆ ಮಾರ್ತಾರೆ. ಮೂರು ಕಟ್ಟು ತಂದ್ವಿ’ ಎಂದ. ಅಂಟು, ಮಿಂಚಿನ ಪುಡಿ, ಬಣ್ಣದ ಕಾಗದ ಎಲ್ಲವೂ ಅಂಗಡಿಯಿಂದಲೇ ಬಂದಿದ್ದವು. ಅದರ ಪಕ್ಕದಲ್ಲಿ, ಅಜ್ಜಿಯ ಹಳೆಯ ಸೀರೆಯ ಚಿಂದಿಗಳನ್ನು ಹೆಣೆದು ಒಬ್ಬಳು ಹುಡುಗಿ ಮಾಡಿ ತಂದಿದ್ದ ಕಾಲೊರಸು ಇತ್ತು. ಬಣ್ಣ ಮಾಸಿದ್ದ ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ನಾವು ಕಸದಿಂದ ರಸವೆಂದು ಬಹುಮಾನ ಕೊಟ್ಟದ್ದು ಹಣದಿಂದ ಮಾಡಿದ ಕಸಕ್ಕೆ ಎಂದು ಮನೆಗೆ ಹೋದ ಮೇಲೆ ನನಗೆ ಹೊಳೆಯಿತು.

ಮಕ್ಕಳ ಸ್ಪರ್ಧೆಯ ವಿಷಯ ಅಲ್ಲಿಗೇ ಮುಗಿಯಲಿ. ಆದರೆ ಅದು ಎಬ್ಬಿಸುವ ಪ್ರಶ್ನೆ ದೊಡ್ಡವರಾದ ನಮ್ಮದು. ಹಳೆಯ ವಸ್ತುವನ್ನು ಬಳಸಿದ ಮಾತ್ರಕ್ಕೆ ಅದು ಮಿತವ್ಯಯವಾಗುವುದೇ? ಮಿತವ್ಯಯವಾದ ಮಾತ್ರಕ್ಕೆ ಅದು ಪುಣ್ಯಕಾರ್ಯವಾಗುವುದೇ? ಒಂದು ಮನೆಯಲ್ಲಿ ಚಿಂದಿ ಬಟ್ಟೆಯನ್ನು ಎತ್ತಿಡುವುದು ಅಲ್ಲಾಹನ ಅನುಗ್ರಹಕ್ಕೆ ತೋರುವ ಕೃತಜ್ಞತೆಯಾಗಿರುತ್ತದೆ. ಇನ್ನೊಂದು ಮನೆಯಲ್ಲಿ ಅದೇ ಕೆಲಸ ಮನಸ್ಸಿನ ಒಂದು ರೋಗದ ಲಕ್ಷಣವಾಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಇವೆರಡನ್ನು ಬೇರ್ಪಡಿಸುವ ಗೆರೆ ಎಲ್ಲಿದೆ?

ನಮ್ಮ ಊರುಗಳ ಕೌದಿ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯ ಮನೆಗಳಲ್ಲಿ ಕೌದಿಯನ್ನು ಕಾಣದವರಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮುಂಚೆ ಇವುಗಳಲ್ಲಿ ಕೆಲವು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಚನ್ನಗಿರಿಯ ಅಡಿಕೆ ತೋಟದ ಮನೆಗೂ ಮಳೆ ಕೈಕೊಡುವ ಜಗಳೂರಿನ ಬೆದ್ದಲು ಹೊಲದ ಮನೆಗೂ ಬದುಕಿನಲ್ಲಿ ಬಹಳ ಅಂತರವಿದೆ. ಆದರೆ ಚಳಿಗಾಲದ ರಾತ್ರಿ ಎರಡೂ ಮನೆಯ ಮಕ್ಕಳು ಹೊದ್ದು ಮಲಗುತ್ತಿದ್ದುದು ಕೌದಿಯನ್ನೇ. ನಮ್ಮ ಮನೆಯ ಉರ್ದುವಿನಲ್ಲಿ ಅದಕ್ಕೆ ಗುದಡಿ ಎನ್ನುತ್ತೇವೆ.

ಕೌದಿ ಮಾಡುವ ಬಗೆಯನ್ನು ಈಗಿನ ಮಕ್ಕಳಿಗಾಗಿ ಹೇಳುತ್ತೇನೆ. ಉಟ್ಟು ಹಳತಾದ ಸೀರೆ, ಲುಂಗಿ, ಪಂಚೆಗಳನ್ನು ಚೆನ್ನಾಗಿ ಒಗೆದು ಒಣಗಿಸುತ್ತಾರೆ. ನೆಲದ ಮೇಲೆ ಒಂದನ್ನು ಹಾಸಿ, ಅದರ ಮೇಲೆ ಪದರ ಪದರವಾಗಿ ಉಳಿದವನ್ನು ಹರಡುತ್ತಾರೆ. ಗಟ್ಟಿಯಾದ ಬಟ್ಟೆ ಹೊರಗೆ, ಸವೆದದ್ದು ಒಳಗೆ. ಮೇಲ್ಭಾಗಕ್ಕೆ ಅಂಗಿ, ಲಂಗ, ದುಪಟ್ಟಾಗಳ ಗಟ್ಟಿ ತುಂಡುಗಳನ್ನು ಜೋಡಿಸುತ್ತಾರೆ. ಬಳಿಕ ಅಂಚಿನಿಂದ ಹಿಡಿದು ನಡುವಿನ ತನಕ ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಹೊಲಿಗೆ ಒತ್ತೊತ್ತಾಗಿದ್ದಷ್ಟೂ ಕೌದಿಗೆ ಆಯುಷ್ಯ ಹೆಚ್ಚು. ಅಜ್ಜನ ಲುಂಗಿ, ಅಮ್ಮನ ನಿಕಾಹದ ಸೀರೆಯ ಅಂಚು, ತಮ್ಮನ ಮೊದಲ ಈದಿನ ಅಂಗಿ, ಎಲ್ಲವೂ ಒಂದೇ ಹೊದಿಕೆಯಲ್ಲಿ ಸೇರಿಕೊಳ್ಳುತ್ತವೆ. ಪೂರ್ತಿ ಸವೆದ ಕೌದಿಯನ್ನೂ ಎಸೆಯುವುದಿಲ್ಲ. ಅದೇ ಹೊಸ ಕೌದಿಯ ಒಳಪದರವಾಗುತ್ತದೆ.

ಈ ಕುಶಲತೆ ಯಾವುದೇ ಒಂದು ಸಮುದಾಯದ ಸೊತ್ತಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿವರ್ಷ ಬರುವ ಲಂಬಾಣಿ ತಾಯಂದಿರ ಸಾಂಪ್ರದಾಯಿಕ ಉಡುಪನ್ನು ನೋಡಿ. ಬಣ್ಣದ ತುಂಡುಗಳು, ಕನ್ನಡಿ ಚೂರುಗಳು, ಕವಡೆಗಳು ಅವರ ಸೂಜಿಯಿಂದ ಒಂದಾಗುತ್ತವೆ. ಆ ಬಗೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳಂತೂ ಅಮೆರಿಕದಲ್ಲಿಯೂ ಪ್ರದರ್ಶನಗೊಂಡಿವೆ. ಆ ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು ಇರುವಂತೆ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದಾರೆ.

ದೂರದ ದೇಶದವರು ಗೋಡೆಗೆ ತೂಗುಹಾಕಿ ಮೆಚ್ಚುವ ಇದೇ ವಸ್ತುವನ್ನು ನಾವು ಮನೆಗೆ ಬೀಗರು ಬಂದಾಗ ಮಂಚದ ಕೆಳಗೆ ತಳ್ಳುತ್ತೇವೆ! ಅದು ಬಡತನದ ಗುರುತೆಂಬ ನಾಚಿಕೆ. ಈ ನಾಚಿಕೆಯ ಬುಡದಲ್ಲಿರುವುದು ಅಹಂಭಾವವೇ ಹೊರತು ಬೇರೇನಲ್ಲ.

ಪ್ರವಾದಿ ಮನೆಯ ಮಾದರಿ

ಪ್ರವಾದಿ ಮುಹಮ್ಮದ್(ಸ)ರ ಮನೆಯಲ್ಲಿ ಇಂತಹ ನಾಚಿಕೆಗೆ ಜಾಗವಿರಲಿಲ್ಲ. ಅವರು ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅವರು ಒರಗುತ್ತಿದ್ದ ದಿಂಬು ಚರ್ಮದ್ದು. ಅದರೊಳಗೆ ತುಂಬಿದ್ದುದು ಖರ್ಜೂರದ ಮರದ ನಾರು.

ಒಮ್ಮೆ ಪ್ರವಾದಿವರ್ಯರು(ಸ) ಪ್ರಯಾಣದಿಂದ ಮರಳಿದಾಗ ಮನೆಯಲ್ಲಿ ಚಿತ್ರಗಳಿದ್ದ ಒಂದು ಪರದೆಯನ್ನು ಕಂಡು ಅಸಮಾಧಾನಗೊಂಡರು. ಹಝ್ರತ್ ಆಯಿಶಾ(ರ) ಆ ಪರದೆಯನ್ನು ತೆಗೆದರು. ಆದರೆ ಬಟ್ಟೆಯನ್ನು ಎಸೆಯಲಿಲ್ಲ. ಅದನ್ನು ಕತ್ತರಿಸಿ ಒಂದೆರಡು ದಿಂಬುಗಳನ್ನು ಮಾಡಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಘಟನೆಯಲ್ಲಿ ಎರಡು ಪಾಠಗಳಿವೆ. ತಪ್ಪನ್ನು ತಿದ್ದಿಕೊಳ್ಳಲು ತಡಮಾಡಬಾರದು. ತಿದ್ದಿಕೊಳ್ಳುವ ನೆಪದಲ್ಲಿ ವಸ್ತುವನ್ನು ಹಾಳುಮಾಡಲೂಬಾರದು.

ಮತ್ತೊಂದು ಪ್ರಸಂಗ. ಪ್ರವಾದಿ ಪತ್ನಿ ಹಝ್ರತ್ ಮೈಮೂನಾ(ರ)ರ ಸೇವಕಿಯಾಗಿದ್ದವರಿಗೆ ದಾನವಾಗಿ ಬಂದಿದ್ದ ಕುರಿ ಸತ್ತುಬಿದ್ದಿತ್ತು. ಅದರ ಚರ್ಮವನ್ನು ಹದಮಾಡಿ ಉಪಯೋಗಿಸಿಕೊಳ್ಳಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದು ಅಲ್ಲಿದ್ದವರು ಹೇಳಿದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರ ಎಂದು ಸ್ಪಷ್ಟಪಡಿಸಿದರು. ಜನರು ಕಸವೆಂದು ದಾಟಿಹೋದದ್ದರಲ್ಲಿಯೂ ಉಪಯೋಗವನ್ನು ಕಂಡ ಕಣ್ಣು ಅದು.

ಕ್ರಿ.ಶ. 622ರ ಹಿಜ್‌ರಾದ ಸಂದರ್ಭವನ್ನೂ ನೆನೆಯೋಣ. ಪ್ರಯಾಣದ ಆಹಾರದ ಚೀಲಕ್ಕೆ ಕಟ್ಟಲು ಹಗ್ಗ ಸಿಗದಿದ್ದಾಗ ಹಝ್ರತ್ ಅಸ್ಮಾ ಬಿಂತ್ ಅಬೂಬಕರ್(ರ) ತಮ್ಮ ಸೊಂಟಪಟ್ಟಿಯನ್ನೇ ಎರಡಾಗಿ ಸೀಳಿದರು. ‘ಎರಡು ಸೊಂಟಪಟ್ಟಿಯವರು’ ಎಂಬ ಬಿರುದು ಅವರಿಗೆ ಬಂದದ್ದು ಹೀಗೆ. ಇಸ್ಲಾಮೀ ಇತಿಹಾಸದ ಅತಿ ಮಹತ್ವದ ಪ್ರಯಾಣದಲ್ಲಿ ಒಂದು ಹರಿದ ಬಟ್ಟೆಗೂ ಪಾಲು ದೊರೆಯಿತು.

ಗೆರೆ ಎಲ್ಲಿದೆ?

ಇಷ್ಟನ್ನು ಓದಿ ‘ಹಾಗಾದರೆ ನಾನು ಸರಿಯಾದ ದಾರಿಯಲ್ಲೇ ಇದ್ದೇನೆ’ ಎಂದು ಜಿಪುಣನೂ ಸಮಾಧಾನಪಟ್ಟುಕೊಳ್ಳಬಹುದು! ಆದ್ದರಿಂದ ಮುಂದಿನ ಮಾತನ್ನು ಹೇಳಲೇಬೇಕಾಗಿದೆ.

ಪವಿತ್ರ ಕುರ್‌ಆನ್ ದುಂದುಗಾರರನ್ನು ಶೈತಾನರ ಸಹೋದರರೆಂದು ಕರೆದಿದೆ (ಬನೀ ಇಸ್ರಾಈಲ್: 27). ಅದರ ಎರಡು ವಚನಗಳ ಬಳಿಕ, ಕೈಯನ್ನು ಕೊರಳಿಗೆ ಬಿಗಿದುಕೊಳ್ಳುವುದನ್ನೂ ಪೂರ್ತಿಯಾಗಿ ಚಾಚಿಬಿಡುವುದನ್ನೂ ಒಟ್ಟಿಗೇ ನಿಷೇಧಿಸಿದೆ. ಪರಮ ದಯಾಮಯನ ದಾಸರು ಖರ್ಚಿನಲ್ಲಿ ದುಂದನ್ನೂ ಜಿಪುಣತನವನ್ನೂ ಬಿಟ್ಟು ನಡುದಾರಿಯಲ್ಲಿರುತ್ತಾರೆಂದು ಅಲ್ ಫುರ್ಕಾನ್ ಅಧ್ಯಾಯದ 67ನೆಯ ವಚನ ತಿಳಿಸುತ್ತದೆ.

ಸಂಪತ್ತಿದ್ದೂ ಕೊಳಕು, ಹರಕು ಬಟ್ಟೆಯಲ್ಲಿ ಬಂದ ಒಬ್ಬರನ್ನು ಪ್ರವಾದಿ(ಸ) ಮೆಚ್ಚಲಿಲ್ಲ. ಒಂಟೆ, ಕುರಿ, ಕುದುರೆಗಳನ್ನು ಅಲ್ಲಾಹನು ಕೊಟ್ಟಿರುವಾಗ ಅವನ ಅನುಗ್ರಹದ ಗುರುತು ಮೈಮೇಲೆ ಕಾಣಲಿ ಎಂದು ಅವರಿಗೆ ಬುದ್ಧಿ ಹೇಳಿದ ವಿಷಯ ಅಬೂದಾವೂದ್ ಗ್ರಂಥದಲ್ಲಿದೆ. ಇನ್ನೊಂದೆಡೆ, ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಅವರ ಅಂಗಿಯ ಭುಜಗಳ ನಡುವೆ ಒಂದರ ಮೇಲೊಂದು ತೇಪೆ ಇದ್ದುದನ್ನು ಹಝ್ರತ್ ಅನಸ್(ರ) ಕಂಡಿದ್ದರೆಂದು ಮುವತ್ತಾದಲ್ಲಿದೆ. ಒಬ್ಬರ ಹಳೆಯ ಬಟ್ಟೆಗೆ ಆಕ್ಷೇಪ, ಇನ್ನೊಬ್ಬರ ತೇಪೆ ಇಂದಿಗೂ ಆದರ್ಶ! ಇದೇಕೆ?

ನನಗೆ ಅರ್ಥವಾಗಿರುವಂತೆ ಉತ್ತರ ಬಟ್ಟೆಯಲ್ಲಿಲ್ಲ, ಉಳಿದ ಹಣ ಹೋಗುವ ದಿಕ್ಕಿನಲ್ಲಿದೆ. ಹಝ್ರತ್ ಉಮರ್(ರ) ಬಿಗಿಹಿಡಿದದ್ದು ತಮ್ಮ ಮೇಲೆ. ಧಾರಾಳ ತೋರಿದ್ದು ಪ್ರಜೆಗಳ ಮೇಲೆ. ಜಿಪುಣನ ಕೈಯಲ್ಲಿ ಉಳಿದದ್ದು ಪೆಟ್ಟಿಗೆಯ ಹೊರಗೆ ಬರುವುದಿಲ್ಲ. ಅದು ಅವನ ಮೈಗೂ ಇಲ್ಲ, ಮಕ್ಕಳಿಗೂ ಇಲ್ಲ, ಬಡವನಿಗೂ ಇಲ್ಲ. ಮಿತವ್ಯಯಿ ವಸ್ತುವಿನ ಹಕ್ಕನ್ನು ಕಾಯುತ್ತಾನೆ; ಜಿಪುಣ ಮನುಷ್ಯನ ಹಕ್ಕನ್ನೇ ಕತ್ತರಿಸಿ ಉಳಿಸುತ್ತಾನೆ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಸಿಮೆಂಟ್ ಚೀಲವನ್ನು ತೊಳೆದು ಸಂತೆಯ ಕೈಚೀಲ ಹೊಲಿಯುವ ಮನೆಯೊಡತಿ ನೆರೆಯವಳು ಜರಡಿಯನ್ನೋ ಒನಕೆಯನ್ನೋ ಕೇಳಿದಾಗ ಇಲ್ಲವೆಂದರೆ, ಅವಳ ಉಳಿತಾಯಕ್ಕೆ ಏನು ಬೆಲೆ? ದಿನಬಳಕೆಯ ಸಣ್ಣ ವಸ್ತುಗಳನ್ನೂ ಕೊಡದೆ ತಡೆಯುವವರ ಬಗ್ಗೆ ಅಲ್ ಮಾಊನ್ ಅಧ್ಯಾಯ ಕೊಟ್ಟಿರುವ ಎಚ್ಚರಿಕೆ ಅವಳಿಗೂ ಅನ್ವಯಿಸದೇ? ಬಲ್ಬ್ ಆರಿಸುವುದನ್ನು ಮಕ್ಕಳಿಗೆ ಕಲಿಸುವ ಯಜಮಾನ ತೋಟದ ಕೂಲಿಯಾಳಿಗೆ ವಾರದ ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳಿದರೆ ಅದು ಮಿತವ್ಯಯವಲ್ಲ, ಅನ್ಯಾಯ. ವರ್ಷವಿಡೀ ಚಿಂದಿ ಬಟ್ಟೆ ಕೂಡಿಟ್ಟು, ಮಗಳ ಮದುವೆಯ ಒಂದೇ ರಾತ್ರಿ ಸಾಲ ತಂದು ಶಾದಿ ಮಹಲಿನಲ್ಲಿ ಬಿರಿಯಾನಿಯನ್ನು ಕಸದ ತೊಟ್ಟಿಗೆ ಸುರಿದರೆ, ಆ ಮನೆಯ ಕೌದಿಯೇ ಅವರ ವಿರುದ್ಧ ಸಾಕ್ಷಿ ಹೇಳೀತು.

ಒಂದು ಮೂಟೆಯ ಕಥೆ

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ: ಹಳೆಯದನ್ನು ದಾನ ಮಾಡಬಹುದೇ? ಈ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ನದಿ ದಂಡೆಯ ತಗ್ಗು ಮನೆಗಳಿಗೆ ನೀರು ನುಗ್ಗಿತ್ತು. ಸಂತ್ರಸ್ತರಿಗೆಂದು ನಮ್ಮ ಬೀದಿಯ ಯುವಕರು ಮನೆ ಮನೆಗೆ ಹೋಗಿ ಬಟ್ಟೆ ಸಂಗ್ರಹಿಸಿದರು. ನಾನೂ ಒಂದು ಮೂಟೆ ಕಟ್ಟಿಕೊಟ್ಟೆ. ಬೀರು ಖಾಲಿಯಾಯಿತು, ಪುಣ್ಯವೂ ಸಿಕ್ಕಿತು ಎಂಬ ನೆಮ್ಮದಿ ನನ್ನದು. ಬಟ್ಟೆಗಳನ್ನು ವಿಂಗಡಿಸಲು ಕೂತವರಲ್ಲಿ ಬೀದಿಯವರೆಲ್ಲ ‘ನಾನಿಮಾ’ ಎಂದು ಕರೆಯುವ ಒಬ್ಬ ವೃದ್ಧೆಯಿದ್ದರು. ಮೂಟೆಗಳು ಬಿಚ್ಚಿಕೊಂಡಾಗ ಗುಂಡಿಯಿಲ್ಲದ ಅಂಗಿಗಳು, ಒಗೆಯದ ಬನಿಯನ್ನುಗಳು, ಜಿಪ್ಪು ಕಿತ್ತ ಪ್ಯಾಂಟುಗಳು ಹೊರಬಂದವು. ಕಾಲರ್ ಹರಿದ ಒಂದು ನೀಲಿ ಅಂಗಿಯನ್ನು ನಾನಿಮಾ ಎತ್ತಿ ಹಿಡಿದು, ‘ಕೊಡೋ ಕೈಗೇ ನಾಚಿಕೆ ಆಗಬೇಕಾದ್ದನ್ನ ತಗೊಳ್ಳೋ ಕೈಯಲ್ಲಿ ಹ್ಯಾಗೆ ಇಡ್ತೀರಿ ಬೇಟಾ?’ ಎಂದು ಕೇಳಿದರು. ಅದು ಯಾರ ಅಂಗಿಯೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮದ್ರಸದಲ್ಲಿ ನಾನೇ ಪಾಠ ಹೇಳುವ ಒಂದು ವಚನ ಆಗ ನೆನಪಾಯಿತು. ಅಲ್ ಬಕರಃ ಅಧ್ಯಾಯದ 267ನೆಯ ವಚನದಲ್ಲಿ, ಸಂಪಾದನೆಯಲ್ಲಿ ಒಳ್ಳೆಯದನ್ನು ಖರ್ಚು ಮಾಡಲು ವಿಶ್ವಾಸಿಗಳಿಗೆ ಆಜ್ಞಾಪಿಸಿದ ಅಲ್ಲಾಹನು, ತಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾಗದಂತಹ ಕೆಟ್ಟದ್ದನ್ನು ದಾನಕ್ಕೆ ಆರಿಸಬಾರದೆಂದು ತಡೆದಿದ್ದಾನೆ. ಎಷ್ಟು ಸಲ ಅದರ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಿದ್ದೆನೋ! ನನ್ನ ಬೀರುವಿನ ಮುಂದೆ ನಿಂತಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ. ನಾನು ದಾನ ಮಾಡಿರಲಿಲ್ಲ, ಕಸವನ್ನು ಹೊರಹಾಕುವ ಕೆಲಸಕ್ಕೆ ದಾನವೆಂಬ ಹೆಸರಿಟ್ಟಿದ್ದೆ.

ನಾನಿಮಾ ಆ ಹರಕು ಬಟ್ಟೆಗಳನ್ನು ಎಸೆಯಲಿಲ್ಲ. ಮನೆಗೆ ಒಯ್ದು ಕುದಿನೀರಿನಲ್ಲಿ ಅದ್ದಿ ಒಗೆದರು. ಸೊಸೆ, ಮೊಮ್ಮಗಳ ಜೊತೆ ಕೂತು ಎರಡು ತಿಂಗಳಲ್ಲಿ ಮೂರು ಕೌದಿಗಳನ್ನು ಹೊಲಿದರು. ಅವುಗಳಲ್ಲಿ ಒಂದನ್ನು ತಾವೇ ನಾಲ್ಕು ರಾತ್ರಿ ಹೊದ್ದು ನೋಡಿದರಂತೆ. ಹೊಲಿಗೆ ಚುಚ್ಚುತ್ತದೆಯೋ, ಬೆಚ್ಚಗಿದೆಯೋ ಎಂಬ ಪರೀಕ್ಷೆ! ಬಳಿಕ ಮತ್ತೆ ಒಗೆದು, ಮಡಿಸಿ, ಮೂರನ್ನೂ ನದಿ ದಂಡೆಯ ಮೂರು ಮನೆಗಳಿಗೆ ಕಳಿಸಿದರು. ನನ್ನ ನೀಲಿ ಅಂಗಿಯ ಬೆನ್ನಿನ ತುಂಡು ಅವುಗಳಲ್ಲೊಂದರ ಮೂಲೆಯಲ್ಲಿತ್ತು. ಅವರು ಮಾತ್ರ ತಮ್ಮ ಹಳೆಯ ಕೌದಿಯಲ್ಲೇ ಮಲಗಿದರು.

ಅದೇ ಬಟ್ಟೆ ನನ್ನ ಕೈಯಲ್ಲಿ ಕಸವಾಗಿತ್ತು, ಅವರ ಕೈಯಲ್ಲಿ ಸದಕಾ ಆಯಿತು. ನಡುವೆ ಸೇರಿದ್ದೇನು? ಅವರ ಎರಡು ತಿಂಗಳ ಶ್ರಮ, ಅವರ ಕಣ್ಣಿನ ದೃಷ್ಟಿ, ‘ಇದು ನನಗೆ ಒಪ್ಪಿಗೆಯೇ?’ ಎಂದು ಮೊದಲು ತಮ್ಮನ್ನೇ ಕೇಳಿಕೊಂಡ ಪ್ರಾಮಾಣಿಕತೆ. ಅವರು ಕೊಟ್ಟದ್ದು ಹಳೆಯ ಬಟ್ಟೆಯನ್ನಲ್ಲ, ತಮ್ಮ ಬಳಿಯಿದ್ದ ಅತ್ಯುತ್ತಮವಾದುದನ್ನು. ಆ ವೃದ್ಧೆಯ ಬಳಿ ಕೈಕಸುಬಿಗಿಂತ ಬೆಲೆಬಾಳುವ ಬೇರೆ ಆಸ್ತಿಯೇ ಇರಲಿಲ್ಲ.

ಈ ಸಂದರ್ಭದಲ್ಲಿ ಪ್ರವಾದಿ ಪತ್ನಿ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ನೆನಪಾಗದಿರಲಾರರು. ಪತ್ನಿಯರಲ್ಲಿ ಅತ್ಯಂತ ನೀಳವಾದ ಕೈಯವರು ತಮ್ಮನ್ನು ಎಲ್ಲರಿಗಿಂತ ಮೊದಲು ಬಂದು ಸೇರುವರೆಂದು ಪ್ರವಾದಿ(ಸ) ಹೇಳಿದ್ದರು. ಯಾರ ಕೈ ನೀಳವೆಂದು ಅವರೆಲ್ಲ ಅಳೆದು ನೋಡಿಕೊಂಡರು. ಮೊದಲು ನಿಧನರಾದವರು ಹಝ್ರತ್ ಝೈನಬ್(ರ), ಹಿಜರಿ 20ರಲ್ಲಿ. ಆಗ ಆ ಮಾತಿನ ಅರ್ಥ ತಿಳಿಯಿತು. ಅವರು ಚರ್ಮ ಹದಮಾಡಿ, ಹೊಲಿದು, ಸ್ವಂತ ಕೈಯಿಂದ ದುಡಿದದ್ದನ್ನು ದಾನ ಮಾಡುತ್ತಿದ್ದರು. ಹೊಲಿಯುವ ಕೈಯೇ ಕೊಡುವ ಕೈಯಾದಾಗ ಅದರ ಉದ್ದವನ್ನು ಅಳೆಯಲು ಯಾವ ಕೋಲೂ ಸಾಲದು.

ಒಂದು ಆಕ್ಷೇಪ

‘ಇಂದು ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಹೊಸ ರಗ್ಗು ಸಿಗುತ್ತದೆ. ಎರಡು ತಿಂಗಳು ಬೆನ್ನು ಬಗ್ಗಿಸಿ ಕೌದಿ ಹೊಲಿಯುವುದು ಯಾವ ಜಾಣತನ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಶ್ರಮಕ್ಕೂ ಬೆಲೆಯಿದೆ, ಸಮಯಕ್ಕೂ ಅಲ್ಲಾಹನ ಮುಂದೆ ಲೆಕ್ಕವಿದೆ. ಓದುವ ಹುಡುಗಿಯ ಪುಸ್ತಕವನ್ನು ಕಿತ್ತು ಕೈಗೆ ಸೂಜಿ ಕೊಟ್ಟು ಅದಕ್ಕೆ ಮಿತವ್ಯಯವೆಂದರೆ ನಾನಂತೂ ಒಪ್ಪಲಾರೆ. ಗಂಡಸರು ಜಗಲಿಯಲ್ಲಿ ಕೂತು ಹಳೆಯ ಕಾಲದ ಉಳಿತಾಯವನ್ನು ಹೊಗಳುವಾಗ ಆ ಉಳಿತಾಯದ ಭಾರವನ್ನು ಹೊತ್ತದ್ದು ಯಾರ ಬೆನ್ನು ಎಂಬುದನ್ನು ಮರೆಯುತ್ತಾರೆ. ಹೊಲಿಯುವುದು ಹೆಂಗಸರ ಕೆಲಸವೆನ್ನುವವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಂಡ ಪ್ರವಾದಿವರ್ಯರ(ಸ) ಸುನ್ನತ್ತನ್ನು ಒಮ್ಮೆ ನೆನಪಿಸಿಕೊಳ್ಳಲಿ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರಿಂದ ಕೆಲಸ ಮಾಡಿಸುವಾಗ ‘ಬಟ್ಟೆ ನಮ್ಮದೇ ಅಲ್ಲವೇ’ ಎಂದು ಚೌಕಾಸಿ ಮಾಡದಿರೋಣ. ಬಟ್ಟೆ ನಮ್ಮದಿರಬಹುದು, ಅದನ್ನು ಕೌದಿ ಮಾಡುವ ಕೈ ಅವರದು. ಕೂಲಿಯನ್ನು ಬೆವರು ಆರುವ ಮುನ್ನ ಕೊಡಬೇಕೆಂಬುದು ನಮಗೆ ಚಿಕ್ಕಂದಿನಿಂದ ಗೊತ್ತಿರುವ ಪ್ರವಾದಿ ಬೋಧನೆ.

ಹಾಗೆಂದು ಎಲ್ಲವನ್ನೂ ರೂಪಾಯಿಯಲ್ಲೇ ತೂಗಿದರೆ ತಕ್ಕಡಿ ತಪ್ಪು ಹೇಳುತ್ತದೆ. ಅಜ್ಜಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುವ ಮಗು ಒಂದು ವಸ್ತುವಿನ ಹಿಂದೆ ಎಷ್ಟು ಕೈಗಳ ದುಡಿಮೆಯಿದೆ ಎಂಬುದನ್ನು ಕಲಿಯುತ್ತದೆ. ಅದನ್ನು ಕಲಿತ ಮಗು ತಟ್ಟೆಯಲ್ಲಿ ಅನ್ನ ಬಿಡಲಾರದು, ನಲ್ಲಿಯನ್ನು ತೆರೆದಿಟ್ಟು ವುಝೂ ಮಾಡಲಾರದು. ಹರಿಯುವ ನದಿಯ ದಂಡೆಯಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ ವಚನ ಇಬ್ನುಮಾಜಃ ಗ್ರಂಥದಲ್ಲಿದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯವರಿಗೂ, ಹನಿ ಹನಿಗೂ ಕಾಯುವ ಜಗಳೂರಿನವರಿಗೂ ಇದು ಒಂದೇ ಪಾಠ.

ಇನ್ನೊಂದು ಸಣ್ಣ ಸೂಚನೆಯನ್ನು ತಾಯಂದಿರಿಗೆ ಹೇಳಬೇಕಾಗಿದೆ. ನಮ್ಮ ಮದುವೆಯ ಆಮಂತ್ರಣ ಪತ್ರಿಕೆಗಳ ದಪ್ಪ ಕಾಗದದಿಂದ ಮಕ್ಕಳು ಲಕೋಟೆ, ಡಬ್ಬಿ, ಪುಸ್ತಕದ ಗುರುತುಪಟ್ಟಿಗಳನ್ನು ಮಾಡುತ್ತಾರೆ. ಒಳ್ಳೆಯದೇ. ಆದರೆ ಅವುಗಳ ನೆತ್ತಿಯಲ್ಲಿ ‘ಬಿಸ್ಮಿಲ್ಲಾಹ್’ ಇರುತ್ತದೆ, ಕೆಲವೊಮ್ಮೆ ಕುರ್‌ಆನಿನ ವಚನವೂ ಇರುತ್ತದೆ. ಕತ್ತರಿ ಹಾಕುವ ಮುನ್ನ ಆ ಭಾಗವನ್ನು ಬೇರ್ಪಡಿಸಿ ಗೌರವದಿಂದ ಎತ್ತಿಡಬೇಕು. ಕಾಗದವನ್ನು ಉಳಿಸುವ ಭರದಲ್ಲಿ ಅದಬನ್ನು ಕಳೆದುಕೊಳ್ಳಬಾರದು.

ಸಹೋದರ ಸಹೋದರಿಯರೇ, ಹಳೆಯ ವಸ್ತುವನ್ನು ಕೈಗೆತ್ತಿಕೊಂಡಾಗಲೆಲ್ಲ ನಮ್ಮನ್ನು ನಾವೇ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಉಳಿಸುತ್ತಿರುವುದು ಅಲ್ಲಾಹನ ಅನುಗ್ರಹವನ್ನು ಪೋಲು ಮಾಡಬಾರದೆಂದೋ, ಯಾರದೋ ಹಕ್ಕನ್ನು ಕೊಡಬಾರದೆಂದೋ? ಇದರಿಂದ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಇದನ್ನು ಇನ್ನೊಬ್ಬರಿಗೆ ಕೊಡುವುದಾದರೆ, ಅವರ ಜಾಗದಲ್ಲಿ ನಾನಿದ್ದರೆ ಕಣ್ಣು ತೆರೆದುಕೊಂಡೇ ಸ್ವೀಕರಿಸುತ್ತಿದ್ದೆನೇ? ಈ ಮೂರಕ್ಕೂ ಸಮಾಧಾನಕರ ಉತ್ತರವಿದ್ದರೆ ಆ ಚಿಂದಿಯ ಮೇಲೆ ಓಡುವ ಒಂದೊಂದು ಹೊಲಿಗೆಯೂ ಸತ್ಕರ್ಮವಾದೀತೆಂದು ಆಶಿಸೋಣ. ಕೊಟ್ಟ ಬಳಿಕ ಹಂಗಿಸಿ, ಎತ್ತಿ ಆಡಿ ಆ ಹೊಲಿಗೆಯನ್ನು ನಾವೇ ಬಿಚ್ಚದಿರೋಣ.

ಆ ಘಟನೆಯ ಬಳಿಕ ನಾನು ಕೊಡುವ ಬಟ್ಟೆಯ ಗುಂಡಿಯನ್ನು ನಾನೇ ಹೊಲಿಯುವುದನ್ನು ಕಲಿತಿದ್ದೇನೆ. ಹೊಲಿಗೆ ಇನ್ನೂ ನೆಟ್ಟಗೆ ಬರುವುದಿಲ್ಲ. ನಾನಿಮಾ ನೋಡಿ ನಗುತ್ತಾರೆ, ಆದರೆ ಅಂಗಿಯನ್ನು ಪಕ್ಕಕ್ಕೆ ಎಸೆಯುವುದಿಲ್ಲ.

ದುಂದಿನಿಂದಲೂ ಜಿಪುಣತನದಿಂದಲೂ ಅಲ್ಲಾಹನು ನಮ್ಮನ್ನು ರಕ್ಷಿಸಲಿ. ನಮ್ಮ ಕೈಗಳನ್ನು ದುಡಿಯುವ ಕೈಗಳನ್ನಾಗಿಯೂ ಕೊಡುವ ಕೈಗಳನ್ನಾಗಿಯೂ ಮಾಡಲಿ. ಆಮೀನ್.